ಹೋದ ಮಣ್ಣಿನ ಲೆಕ್ಕ

ಲಕ್ಷ್ಮೇಶ್ವರ ತಾಲ್ಲೂಕಿನ ಅಡರಕಟ್ಟಿಯ ಹೊಲಗಳ ನಡುವೆ ನಿಂತವನಿಗೆ ಸಮುದ್ರದ ನೆನಪಾಗುವುದಕ್ಕೆ ಕಾರಣವೇ ಇಲ್ಲ. ಪಡುವಣ ಕಡಲು ಸಹ್ಯಾದ್ರಿಯ ಆಚೆ, ನೇರವಾಗಿ ಅಳೆದರೂ ಸುಮಾರು 140 ಕಿಲೋಮೀಟರು ದೂರ. ಮೂಡಣ ಕಡಲು ಅದರ ಮೂರುಪಟ್ಟಿಗೂ ಮಿಕ್ಕ ದೂರದಲ್ಲಿ ಆಂಧ್ರದ ತೀರವನ್ನು ತೊಳೆಯುತ್ತಿದೆ. ತುಂಗಭದ್ರೆಯಾದರೂ ದಕ್ಷಿಣದಲ್ಲಿ ಹೊಳೆಇಟಗಿ, ಹಮ್ಮಿಗಿ, ಕೊರ್ಲಹಳ್ಳಿಗಳನ್ನು ಸೋಂಕಿಕೊಂಡು ಹರಿದುಹೋಗುವಳೇ ಹೊರತು ಈ ಊರಿನ ಗಡಿಯನ್ನು ಮುಟ್ಟುವುದಿಲ್ಲ. ವರ್ಷಕ್ಕೆ 600–700 ಮಿಲಿಮೀಟರು ಮಳೆ ಕಾಲಕಾಲಕ್ಕೆ ಬಿದ್ದರೆ ಸುಭಿಕ್ಷವೆಂದು ತೃಪ್ತಿಪಡುವ, ಬಾರದಿದ್ದರೆ ಗುರ್ಜಿ ಹೊತ್ತು ಮನೆಮನೆಯ ಮುಂದೆ ನೀರು ಸುರಿಸಿಕೊಳ್ಳುವ ನಾಡು ಇದು. ಇಂಥ ನಾಡಿನ ನಡುವೆ ಕುಳಿತು ಕಡಲತೀರದ ಬಿರುಗಾಳಿಯನ್ನೂ ಪ್ರವಾಹವನ್ನೂ ಅವುಗಳ ತರುವಾಯದ ಸಂಕಷ್ಟವನ್ನೂ ಕುರಿತು ಬರೆಯಹೊರಡುವುದು ಅಸಂಗತವೆಂದು ಓದುಗರಿಗೆ ತೋರಬಹುದು. ಆದರೆ ದಸರೆಯ ಹೊತ್ತಿಗೆ ಆಕಾಶವೆಲ್ಲ ಬೂದುಬಣ್ಣಕ್ಕೆ ತಿರುಗಿ, ಗುಡುಗಿಲ್ಲದೆ ಸಿಡಿಲಿಲ್ಲದೆ ಹಗಲಿರುಳೂ ಒಂದೇ ಸಮನೆ ಮಳೆ ಸುರಿಯತೊಡಗಿದಾಗ, ಕಟ್ಟೆಯ ಮೇಲೆ ಕುಳಿತ ಹಿರಿಯರು “ಸೈಕ್ಲೋನ್ ಆಗೇತಂತ, ಜಡಿ ಹಿಡದೈತಿ” ಎನ್ನುತ್ತಾರೆ. ಕಡಲನ್ನು ಎಂದೂ ಕಾಣದವರೂ ಅದರ ವೃತ್ತಾಂತವನ್ನು ಹೀಗೆ ಮಳೆಯ ಮುಖದಿಂದ ಅರಿತಿರುತ್ತಾರೆ.

ಅವರ ಮಾತಿನಲ್ಲಿ ಶಾಸ್ತ್ರವಿದೆ. ಅರಬ್ಬೀ ಸಮುದ್ರದಿಂದ ಬರುವ ನೈಋತ್ಯ ಮಾರುತವು ತನ್ನ ಸಂಪತ್ತಿನ ಬಹುಭಾಗವನ್ನು ಸಹ್ಯಾದ್ರಿಯ ಮೇಲೆಯೇ ಚೆಲ್ಲಿಬಿಡುವುದರಿಂದ, ಘಟ್ಟದ ನೆರಳಿನಲ್ಲಿರುವ ಗದಗು, ಶಿರಹಟ್ಟಿ, ಮುಂಡರಗಿ ಸೀಮೆಗಳಿಗೆ ಆಷಾಢ ಶ್ರಾವಣಗಳಲ್ಲಿ ದೊರೆಯುವುದು ತುಂತುರಿನ ಪ್ರಸಾದ ಮಾತ್ರ. ಇಲ್ಲಿಯ ಮಳೆಯ ತಿಂಗಳುಗಳೆಂದರೆ ಸೆಪ್ಟೆಂಬರ್ ಮತ್ತು ಅಕ್ಟೋಬರ್. ಉತ್ತರಿ, ಹಸ್ತ, ಚಿತ್ತಿ ನಕ್ಷತ್ರಗಳು. ಆ ಕಾಲಕ್ಕೆ ಮುಂಗಾರು ಹಿಂದೆಗೆಯುತ್ತ, ಬಂಗಾಳ ಕೊಲ್ಲಿಯ ಕಾದ ನೀರಿನ ಮೇಲೆ ವಾಯುಭಾರ ಕುಸಿದು ಸುಳಿಗಳು ಹುಟ್ಟತೊಡಗುತ್ತವೆ. ಕೆಲವು ಅಲ್ಲಿಯೇ ಕರಗುತ್ತವೆ, ಕೆಲವು ಉತ್ತರಕ್ಕೆ ಹೊರಳಿ ಒಡಿಶಾ ಬಂಗಾಳಗಳ ಕಡೆಗೆ ಸಾಗುತ್ತವೆ, ಇನ್ನು ಕೆಲವು ಆಂಧ್ರದ ತೀರವನ್ನು ದಾಟಿ ದಖ್ಖಣದ ಪ್ರಸ್ಥಭೂಮಿಯ ಮೇಲೆ ಪಶ್ಚಿಮಾಭಿಮುಖವಾಗಿ ಚಲಿಸುತ್ತವೆ. ನೆಲಕ್ಕೆ ಬಂದ ಸುಳಿಗೆ ಕಡಲಿನ ಬಿಸಿಯಾದ ಆವಿಯ ಆಹಾರ ತಪ್ಪಿ ಗಾಳಿಯ ವೇಗವು ಕುಗ್ಗುತ್ತದೆಯಾದರೂ, ಹೊತ್ತು ತಂದ ನೀರು ಅದರಲ್ಲಿ ಇನ್ನೂ ಉಳಿದಿರುತ್ತದೆ. ಆದುದರಿಂದ ತೀರದವರಿಗೆ ಯಾವುದು ಗಾಳಿಯಾಗಿ ಎರಗುವುದೋ ಅದೇ ಒಳನಾಡಿನವರಿಗೆ ಬಿಡದ ಮಳೆಯಾಗಿ ಬರುತ್ತದೆ. 2020ರ ಅಕ್ಟೋಬರ್ 13ರಂದು ಕಾಕಿನಾಡದ ಬಳಿ ತೀರವನ್ನು ದಾಟಿದ ವಾಯುಭಾರ ಕುಸಿತವು ಹೈದರಾಬಾದನ್ನು ಮುಳುಗಿಸಿ, ಕಲಬುರಗಿ ವಿಜಯಪುರಗಳ ಭೀಮಾತೀರವನ್ನು ಪ್ರವಾಹಕ್ಕೆ ಈಡುಮಾಡಿ, ಭೂಭಾಗವನ್ನೆಲ್ಲ ಅಡ್ಡಹಾಯ್ದು ಕೊನೆಗೆ ಅರಬ್ಬೀ ಸಮುದ್ರವನ್ನು ಸೇರಿದ ಸಂಗತಿಯನ್ನು ನೆನೆದರೆ, ನಮ್ಮ ಬಯಲುಸೀಮೆಯು ಎರಡು ಕಡಲುಗಳ ನಡುವಣ ಹಾದಿಯೆಂಬುದು ಸ್ಪಷ್ಟವಾಗುತ್ತದೆ.

ಈ ಹಾದಿಯಲ್ಲಿ ನಡೆದ ಮಹಾವಿಪತ್ತೆಂದರೆ 2009ರದು. ಆ ವರ್ಷ ದೇಶದ ಮುಂಗಾರು ವಾಡಿಕೆಗಿಂತ ಶೇಕಡಾ 22ರಷ್ಟು ಕಡಿಮೆಯಾಗಿ, 1972ರ ಬಳಿಕ ಅಂಥ ಬರವನ್ನು ಕಂಡಿಲ್ಲವೆಂದು ಎಲ್ಲರೂ ಆಡಿಕೊಳ್ಳುತ್ತಿದ್ದರು. ಸೆಪ್ಟೆಂಬರ್ 28ಕ್ಕೆ ವಿಜಯದಶಮಿ. ಬನ್ನಿ ಕೊಟ್ಟು ತೆಗೆದುಕೊಂಡು, ಬಂಗಾರದ ಹಾಗೆ ಇರೋಣವೆಂದು ಹಾರೈಸಿಕೊಂಡ ಕೈಗಳು ಇನ್ನೂ ಬೆಚ್ಚಗಿರುವಾಗಲೇ ಹಸ್ತದ ಮಳೆ ಹಿಡಿಯಿತು. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದ ನೀರು ಉತ್ತರ ಕರ್ನಾಟಕದ ಮೇಲೆ ಅಕ್ಟೋಬರ್ ಮೊದಲ ದಿನಗಳವರೆಗೆ ಬಿಡುವಿಲ್ಲದೆ ಸುರಿಯಿತು. ವಿಜಯಪುರ, ಬಾಗಲಕೋಟೆ, ರಾಯಚೂರು, ಬಳ್ಳಾರಿ, ಕೊಪ್ಪಳ, ಗದಗ ಜಿಲ್ಲೆಗಳಲ್ಲಿ ಹಳ್ಳಗಳು ಹೊಳೆಗಳಾದವು, ಹೊಲಗಳು ಕೆರೆಗಳಾದವು. ಅಕ್ಟೋಬರ್ 2ರಂದು ಮಂತ್ರಾಲಯದ ಮಠದೊಳಕ್ಕೆ ತುಂಗಭದ್ರೆ ನುಗ್ಗಿದಳು. ಕರ್ನೂಲು ಪಟ್ಟಣ ಮುಳುಗಿತು. ಶ್ರೀಶೈಲದ ಅಣೆಕಟ್ಟಿಗೆ 25 ಲಕ್ಷ ಕ್ಯೂಸೆಕ್ಸಿಗೂ ಮೀರಿದ ಒಳಹರಿವು ಬಂದಿತು. ಕಾರವಾರದ ಬಳಿ ಕಡವಾಡದಲ್ಲಿ ಗುಡ್ಡ ಕುಸಿದು ಮನೆಗಳನ್ನು ಹೂಳಿತು. ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನ ಮಡಿದರು. ಲಕ್ಷಗಟ್ಟಲೆ ಮನೆಗಳು ನೆಲಕ್ಕೊರಗಿದವು. ಬರಪರಿಹಾರದ ಮನವಿಗಳ ಮಸಿ ಆರುವ ಮುನ್ನವೇ ನೆರೆಪರಿಹಾರದ ಮನವಿಗಳನ್ನು ಬರೆಯಬೇಕಾದ ವಿಚಿತ್ರ ವಿಧಿ ಆ ವರ್ಷದ್ದು.

ನೆರೆಯ ಚಿತ್ರಗಳನ್ನು ನೆನಪಿಸಿಕೊಳ್ಳುವಾಗ ನಮ್ಮ ಕಣ್ಣ ಮುಂದೆ ಬರುವುದು ನದೀತೀರ: ಮುಳುಗಿದ ಗೋಪುರ, ಮಾಳಿಗೆಯ ಮೇಲೆ ನಿಂತು ಕೈಬೀಸುವ ಜನ, ಹೆಲಿಕಾಪ್ಟರಿನಿಂದ ಉದುರುವ ಆಹಾರದ ಪೊಟ್ಟಣ. ನದಿಯಿಂದ ದೂರವಿದ್ದ ಊರುಗಳಲ್ಲಿ ಏನಾಯಿತೆಂಬುದನ್ನು ಯಾರೂ ಚಿತ್ರಿಸಲಿಲ್ಲ, ಏಕೆಂದರೆ ಅಲ್ಲಿ ಚಿತ್ರಿಸತಕ್ಕ ದೃಶ್ಯವೇ ಇರಲಿಲ್ಲ. ಅಡರಕಟ್ಟಿಯಂಥ ಊರುಗಳ ವಿಪತ್ತು ಮಂದಗತಿಯದು, ಮೌನವಾದುದು, ಮತ್ತು ಮಳೆ ನಿಂತ ಮೇಲೆಯೇ ಅದರ ಮುಖ್ಯ ಅಧ್ಯಾಯ ಪ್ರಾರಂಭವಾಗುವುದು. ಅದನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಅವಶ್ಯ.

ಮೊದಲು ಮನೆಯನ್ನೇ ತೆಗೆದುಕೊಳ್ಳೋಣ. ನಮ್ಮ ಸೀಮೆಯ ಹಳೆಯ ಮನೆಯೆಂದರೆ ಮಾಳಿಗೆ ಮನೆ: ಮಣ್ಣಿನ ದಪ್ಪ ಗೋಡೆ, ಕಂಬ, ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆಯ ಹಾಸು, ಎಲ್ಲಕ್ಕೂ ಮೇಲೆ ಗೇಣುಗಟ್ಟಲೆ ಮಣ್ಣಿನ ಹೊದಿಕೆ. ಬೇಸಗೆಯ ಉರಿಯನ್ನು ತಡೆಯುವುದರಲ್ಲಿ ಈ ಮನೆಗೆ ಸಮಾನವಾದುದಿಲ್ಲ. ಕಡಿಮೆ ಮಳೆಯ ನಾಡಿಗೆ ತಕ್ಕ ಶಿಲ್ಪವಿದು. ಮಳೆಗಾಲಕ್ಕೆ ಮುಂಚೆ ಮಾಳಿಗೆಯ ಮೇಲೆ ಹೊಸ ಮಣ್ಣು ಹರಡಿ, ದಮ್ಮಸು ಹೊಡೆದು, ನೀರು ಹರಿದುಹೋಗಲು ದೋಣಿಯನ್ನು ಸರಿಮಾಡಿಟ್ಟರೆ, ಬಂದು ಹೋಗುವ ಮಳೆಗೆ ಅದು ಜಗ್ಗುವುದಿಲ್ಲ. ಆದರೆ ಜಡಿಮಳೆಗೆ ಅದರಲ್ಲಿ ಉತ್ತರವಿಲ್ಲ. ನಾಲ್ಕೈದು ದಿನ ಬಿಡದೆ ನೆನೆದಾಗ ಮಾಳಿಗೆಯ ಮಣ್ಣು ನೀರನ್ನು ಹೀರಿ ತೂಕ ಹೆಚ್ಚಿಸಿಕೊಳ್ಳುತ್ತದೆ, ಅದೇ ಕಾಲಕ್ಕೆ ಅದನ್ನು ಹೊತ್ತ ಗೋಡೆಯ ಬುಡವು ತೇವದಿಂದ ಮೆತ್ತಗಾಗುತ್ತದೆ. ಹೊರೆ ಏರುತ್ತ, ಹೊರುವ ಶಕ್ತಿ ಇಳಿಯುತ್ತ ಹೋಗುವ ಈ ಎರಡು ಕ್ರಿಯೆಗಳು ಒಂದನ್ನೊಂದು ಸಂಧಿಸುವ ಕ್ಷಣ ಯಾವುದೆಂದು ಯಾರೂ ಹೇಳಲಾರರು. ಮಳೆ ನಿಂತು, ಬಿಸಿಲು ಬಿದ್ದು, ಜನ ನಿಟ್ಟುಸಿರುಬಿಟ್ಟು ಹಾಸಿಗೆಗಳನ್ನು ಹೊರಗೆ ಒಣಹಾಕಿದ ಮೇಲೂ ಗೋಡೆಗಳು ಬೀಳುವುದುಂಟು. ಆಗ ಬಿದ್ದ ಗೋಡೆಯ ಕೆಳಗೆ ಸಿಕ್ಕುವವರು ಸಾಮಾನ್ಯವಾಗಿ ಮನೆಬಿಟ್ಟು ಹೊರಹೋಗಲಾರದವರು: ವೃದ್ಧರು, ಮಕ್ಕಳು, ಗೋದಲಿಯಲ್ಲಿ ಕಟ್ಟಿದ ದನಗಳು. ಪ್ರವಾಹದ ಅಂಕಿಅಂಶಗಳಲ್ಲಿ ಗೋಡೆ ಕುಸಿತದ ಸಾವುಗಳು ಅಷ್ಟು ಸ್ಥಳವನ್ನು ಆಕ್ರಮಿಸುವುದರ ಕಾರಣ ಇದೇ.

ಇನ್ನು ಬೆಳೆ. ಕಡಲ ಮಳೆ ಬರುವ ಸಮಯವನ್ನು ಗಮನಿಸಿದರೆ, ಒಕ್ಕಲಿಗನಿಗೆ ಅದಕ್ಕಿಂತ ಕೆಟ್ಟ ಮುಹೂರ್ತ ಇನ್ನೊಂದಿಲ್ಲವೆನಿಸುತ್ತದೆ. ಮುಂಗಾರಿ ಬೆಳೆ ಕೈಗೆ ಬರುವ, ಹಿಂಗಾರಿ ಬಿತ್ತನೆ ಪ್ರಾರಂಭವಾಗುವ ಸಂಧಿಕಾಲವದು. ಉಳ್ಳಾಗಡ್ಡಿ ಕಿತ್ತು ಹೊಲದಲ್ಲಿ ಹರವಿರುತ್ತದೆ. ಮೂರು ದಿನ ನೀರಿನಲ್ಲಿ ಕುಳಿತ ಗಡ್ಡೆ ಕೊಳೆತು ನಾರುವುದನ್ನು ಕಂಡವರು ಆ ವಾಸನೆಯನ್ನು ಮರೆಯಲಾರರು. ಶೇಂಗಾ ಬಲಿತು ಕೀಳುವುದಕ್ಕೆ ಬಂದಿರುತ್ತದೆ. ನಮ್ಮ ಗೊಂಚಲು ಜಾತಿಯ ಶೇಂಗಾ ಬೀಜಕ್ಕೆ ಸುಪ್ತಾವಸ್ಥೆಯಿಲ್ಲವಾದ್ದರಿಂದ ಹಸಿಮಣ್ಣಿನಲ್ಲಿ ಅದು ಕಾಯಿಯೊಳಗಿದ್ದಂತೆಯೇ ಮೊಳೆಯುತ್ತದೆ. ಗೋವಿನಜೋಳದ ತೆನೆಗೆ ಬೂಷ್ಟು, ಹತ್ತಿಯ ಗಿಡಕ್ಕೆ ಕೆಂಪು, ಮೆಣಸಿನಗಿಡದ ಬೇರಿಗೆ ಕೊಳೆ. ದನಗಳಿಗೆಂದು ಒಟ್ಟಿದ ಮೇವಿನ ಬಣವೆ ಒಳಗಿನಿಂದ ಕಪ್ಪಾಗುತ್ತದೆ. 2009ರಲ್ಲಿ ಶೀಗಿಹುಣ್ಣಿಮೆ ಅಕ್ಟೋಬರ್ ಮೊದಲ ವಾರದಲ್ಲೇ ಬಿದ್ದಿತ್ತು. ಭೂಮಿತಾಯಿಯ ಸೀಮಂತವೆಂದು ಭಾವಿಸಿ, ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಬೆಳೆಯ ಸಾಲುಗಳಲ್ಲಿ ಚರಗ ಚೆಲ್ಲಿ ಉಣ್ಣುವ ಹಬ್ಬವದು. ಆ ವರ್ಷ ಎಷ್ಟೋ ಹೊಲಗಳಿಗೆ ಕಾಲಿಡುವುದೇ ಅಸಾಧ್ಯವಾಗಿದ್ದಿತು.

ಇಷ್ಟಾದರೂ ಬೆಳೆ ಹೋದರೆ ಮುಂದಿನ ವರ್ಷ ಬರುತ್ತದೆ. ಮನೆ ಬಿದ್ದರೆ ಸಾಲಸೋಲ ಮಾಡಿ ಕಟ್ಟಬಹುದು. ಮರಳಿ ಬಾರದ ವಸ್ತುವೊಂದು ಆ ನಾಲ್ಕಾರು ದಿನಗಳಲ್ಲಿ ಊರನ್ನು ಬಿಟ್ಟುಹೋಗುತ್ತದೆ. ಅದು ಮಣ್ಣು. ಕಡಲಿನಿಂದ ಬಂದ ಮಳೆಯ ನಿಜವಾದ ಉತ್ತರಪರಿಣಾಮವನ್ನು ನಾವು ಇಲ್ಲಿ ಹುಡುಕಬೇಕೆಂದೂ, ಆದರೆ ಸರಕಾರವಾಗಲಿ ಸಮಾಜವಾಗಲಿ ಅಲ್ಲಿ ಹುಡುಕಿಲ್ಲವೆಂದೂ ನನ್ನ ದೃಢವಾದ ಅಭಿಪ್ರಾಯ.

ನಮ್ಮ ಸೀಮೆಯ ಕಪ್ಪು ಎರೆಮಣ್ಣಿನ ಸ್ವಭಾವವೇ ವಿಲಕ್ಷಣವಾದುದು. ಅದರಲ್ಲಿರುವ ಜೇಡಿಯು ನೀರು ಕುಡಿದಾಗ ಉಬ್ಬುವ, ಒಣಗಿದಾಗ ಕುಗ್ಗುವ ಜಾತಿಯದು. ಬೇಸಗೆಯಲ್ಲಿ ಕೈ ತೂರುವಷ್ಟು ಅಗಲವಾಗಿ ಬಾಯ್ಬಿಡುವ ಬಿರುಕುಗಳು ಮೊದಲ ಮಳೆಗಳನ್ನು ಗುಟುಕುಗುಟುಕಾಗಿ ಒಳಗೆ ಇಳಿಸಿಕೊಳ್ಳುತ್ತವೆ. ಆದರೆ ಮಣ್ಣು ಪೂರ್ತಿ ಉಬ್ಬಿ ಬಿರುಕುಗಳು ಮುಚ್ಚಿಕೊಂಡ ಅನಂತರ, ಎಣ್ಣೆ ಬಳಿದ ಹಂಚಿನ ಮೇಲಿನಿಂದ ನೀರು ಜಾರುವಂತೆ ಮಳೆನೀರು ಅದರ ಮೇಲ್ಮೈಯಿಂದ ಜಾರತೊಡಗುತ್ತದೆ. ಒಂದು ಎಕರೆಯ ಮೇಲೆ 100 ಮಿಲಿಮೀಟರು ಮಳೆ ಬಿದ್ದರೆ ಆ ನೀರಿನ ಪರಿಮಾಣ ಸುಮಾರು 4 ಲಕ್ಷ ಲೀಟರು. ಇದರಲ್ಲಿ ಅರ್ಧ ಹರಿದುಹೋಯಿತೆಂದರೂ ಎರಡು ಲಕ್ಷ ಲೀಟರು ನೀರು ಇಳಿಜಾರನ್ನು ಹುಡುಕುತ್ತ, ಪಕ್ಕದ ಹೊಲದ ನೀರನ್ನು ಕೂಡಿಕೊಂಡು, ದಾರಿಯಲ್ಲಿ ಸಿಕ್ಕ ಒಡ್ಡನ್ನು ಒಡೆದು ಹಳ್ಳಕ್ಕೆ ಧಾವಿಸುತ್ತದೆ. ಹಿಂಗಾರಿ ಜೋಳ ಕಡಲೆಗಳಿಗಾಗಿ ಹರಗಿ ಹಸನುಮಾಡಿಟ್ಟ ಹೊಲಗಳು ಆ ಕಾಲಕ್ಕೆ ಬರಿಮೈಯಲ್ಲಿ ಬಿದ್ದಿರುತ್ತವೆ; ಹನಿಯ ಪೆಟ್ಟನ್ನು ತಡೆಯುವ ಎಲೆಯಿಲ್ಲ, ಮಣ್ಣನ್ನು ಹಿಡಿದಿಡುವ ಬೇರಿಲ್ಲ. ಗೊಬ್ಬರ ಹಾಕಿ, ಮಾಗಿ ಉಳುಮೆ ಮಾಡಿ, ಮೂರು ತಲೆಮಾರು ಸಾಕಿದ ಮೇಲ್ಮಣ್ಣೇ ಮೊದಲು ಹೊರಡುವುದು. ಒಂದೆಕರೆಯಲ್ಲಿ ಒಂದೇ ಅಂಗುಲ ಮಣ್ಣು ಹೋಯಿತೆಂದು ಇಟ್ಟುಕೊಂಡರೂ ಅದು 100 ಘನ ಮೀಟರಿಗೆ ಮಿಕ್ಕಿದ್ದು, 120 ಟನ್ನಿಗಿಂತ ಕಡಿಮೆಯಿಲ್ಲದ ತೂಕದ್ದು. ಆ ಅಂಗುಲವನ್ನು ಪ್ರಕೃತಿ ಮತ್ತೆ ಸೃಷ್ಟಿಸುವುದಕ್ಕೆ ಶತಮಾನಗಳು ಹಿಡಿಯುತ್ತವೆ. “ಹ್ವಾದ ಮಣ್ಣ ತಿರಗಿ ಬರತೈತೇನ್ರಿ?” ಎಂದು ಕೇಳುವ ರೈತನಿಗೆ ನಮ್ಮ ಯಾವ ಇಲಾಖೆಯಲ್ಲೂ ಉತ್ತರವಿಲ್ಲ.

ಹೋದ ಮಣ್ಣು ಎಲ್ಲಿಗೆ ಹೋಯಿತೆಂಬುದಕ್ಕೆ ಮಾತ್ರ ಉತ್ತರವುಂಟು. ಗದಗ ಜಿಲ್ಲೆಯ ದಕ್ಷಿಣದ ಹಳ್ಳಗಳು ತುಂಗಭದ್ರೆಯನ್ನೂ ಉತ್ತರದವು ಬೆಣ್ಣಿಹಳ್ಳ ಮಲಪ್ರಭೆಗಳನ್ನೂ ಸೇರಿ, ಎರಡು ದಾರಿಗಳೂ ಕೊನೆಗೆ ಕೃಷ್ಣೆಯಲ್ಲಿ ಒಂದಾಗುತ್ತವೆ. 1953ರಲ್ಲಿ ನೀರು ನಿಲ್ಲಿಸಿದ ಹೊಸಪೇಟೆಯ ತುಂಗಭದ್ರಾ ಜಲಾಶಯಕ್ಕೆ ಆರಂಭದಲ್ಲಿ ಸುಮಾರು 132 ಟಿಎಂಸಿ ನೀರು ಹಿಡಿಯುವ ಸಾಮರ್ಥ್ಯವಿದ್ದಿತು. ಈಗ ಉಳಿದಿರುವುದು ಸುಮಾರು 105 ಟಿಎಂಸಿ. ನಡುವಣ ಅಂತರವನ್ನು ತುಂಬಿರುವುದು ಹೂಳು. ಅರ್ಥಾತ್, ಮಲೆನಾಡಿನ ಕಾಡು ಗಣಿಗಳಿಂದ ಮೊದಲ್ಗೊಂಡು ನಮ್ಮ ಬಯಲಿನ ಹೊಲಗಳವರೆಗೆ ಜಲಾನಯನದ ಎಲ್ಲ ಊರುಗಳು ಕಳೆದುಕೊಂಡ ನೆಲ. ಅಣೆಕಟ್ಟುಗಳಿಲ್ಲದ ಕಾಲದಲ್ಲಿ ಈ ಮಣ್ಣು ನೇರವಾಗಿ ಕೃಷ್ಣೆಯ ಮುಖಜಭೂಮಿಗೆ ಹೋಗಿ ನೆಲೆಸುತ್ತಿದ್ದಿತು. 1977ರ ನವೆಂಬರ್ 19ರ ಚಂಡಮಾರುತದಲ್ಲಿ ಸಮುದ್ರವೇ ಎದ್ದುಬಂದು ಸಾವಿರಾರು ಜನರನ್ನು ನುಂಗಿದ ದಿವಿಸೀಮೆಯು ಇರುವುದು ಆ ಮುಖಜಭೂಮಿಯಲ್ಲಿಯೇ. ಕೊಲ್ಲಿಯಿಂದ ಮೇಲೆದ್ದ ನೀರು ನಮ್ಮ ಹೊಲಕ್ಕೆ ಬಂದು, ನಮ್ಮ ಮಣ್ಣನ್ನು ಹೊತ್ತುಕೊಂಡು, ಮತ್ತೆ ಅದೇ ಕೊಲ್ಲಿಗೆ ಹಿಂದಿರುಗುವ ಈ ಆವರ್ತದಲ್ಲಿ ಅಡರಕಟ್ಟಿಯ ರೈತನೂ ದಿವಿಸೀಮೆಯ ಬೆಸ್ತನೂ ಪರಸ್ಪರ ಅರಿಯದ ನೆರೆಹೊರೆಯವರು.

ನದೀತೀರದ ಊರುಗಳಿಗೆ ಒದಗಿದ್ದು ಇನ್ನೊಂದು ಬಗೆಯ ದುರ್ವಿಧಿ. ಮೇಲಿನಿಂದ ಹೋದ ಮಣ್ಣು ಅಲ್ಲಿ ಬಂದು ಕೂಡುತ್ತದೆ. ಶಿಗ್ಗಾವಿ ತಾಲ್ಲೂಕಿನ ದುಂಡಶಿಯ ಬಳಿ ಹುಟ್ಟುವ ಬೆಣ್ಣಿಹಳ್ಳವು ಬೇಸಗೆಯಲ್ಲಿ ದಾಟುವವನ ಪಾದವನ್ನೂ ನೆನೆಸದು. ಯಮನೂರಿನ ಜಾತ್ರೆಗೆ ಬಂದವರು ಭಕ್ತಿಯಿಂದ ಅದರ ನೀರನ್ನು ಮನೆಗೆ ಒಯ್ಯುತ್ತಾರೆ. ಅದೇ ಹಳ್ಳ ಹಸ್ತದ ಜಡಿಯಲ್ಲಿ ಎರಡೂ ದಡ ಬಿಟ್ಟು ಎರೆಯ ಬಯಲಿನಲ್ಲಿ ಮೈಲುಗಟ್ಟಲೆ ಹರಡಿ, ನವಲಗುಂದದ ಸೀಮೆಯನ್ನು ಹಾಯ್ದು ರೋಣ ತಾಲ್ಲೂಕಿನ ಕಡೆಗೆ ಮಲಪ್ರಭೆಯನ್ನು ಕೂಡುತ್ತದೆ. ಮಲಪ್ರಭೆಗೆ ಕಣಕುಂಬಿಯ ಮಲೆನಾಡಿನ ನೀರು ಒಂದು ಕಡೆಯಿಂದ, ಬೆಣ್ಣಿಹಳ್ಳದ ಬಯಲಿನ ನೀರು ಇನ್ನೊಂದು ಕಡೆಯಿಂದ ಬರುವುದರಿಂದ, ಹೊಳೆಆಲೂರು, ಮೆಣಸಗಿ, ಗಾಡಗೋಳಿ, ಹೊಳೆಮಣ್ಣೂರುಗಳು ಮುಂಗಾರಿನ ನೆರೆಗೂ ಈಡು, ಹಿಂಗಾರಿನ ನೆರೆಗೂ ಈಡು. ಇನ್ನೂ ಕೆಳಗೆ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ಅದೇ ನೀರು ಏರುತ್ತದೆ. ತಿರುಳ್ಗನ್ನಡದ ನಾಡೆಂದು ಕವಿರಾಜಮಾರ್ಗವು ಹೆಸರಿಸಿದ ನಾಲ್ಕು ಪಟ್ಟಣಗಳಲ್ಲಿ ಕಿಸುವೊಳಲೆಂಬುದು ಈ ಪಟ್ಟದಕಲ್ಲು, ಪುಲಿಗೆರೆಯೆಂಬುದು ನಮ್ಮ ಲಕ್ಷ್ಮೇಶ್ವರ. ಒಂದು ನೆರೆಯ ಊರು, ಇನ್ನೊಂದು ಬರದ ಊರು, ಎರಡರ ಮೇಲೂ ಒಂದೇ ಮೋಡ.

2009ರ ತರುವಾಯ ಮುಳುಗಿದ ಊರುಗಳನ್ನು ಎತ್ತರದ ನೆಲೆಗೆ ಸ್ಥಳಾಂತರಿಸುವ ನಿರ್ಧಾರವಾಗಿ, ‘ಆಸರೆ’ ಎಂಬ ಹೆಸರಿನ ಯೋಜನೆಯಲ್ಲಿ ದಾನಿಗಳ ಸಹಭಾಗಿತ್ವದಿಂದ ಮನೆಗಳ ನಿರ್ಮಾಣ ನಡೆಯಿತು. ಅದರ ಸದುದ್ದೇಶವನ್ನು ಶಂಕಿಸುವುದು ಕೃತಘ್ನತೆಯಾದೀತು. ಗಂಜಿಕೇಂದ್ರದಲ್ಲಿ ಮಲಗಿದವರಿಗೆ, ತಗಡಿನ ಶೆಡ್ಡಿನಲ್ಲಿ ಬೇಸಗೆ ಕಳೆದವರಿಗೆ, ಸಿಮೆಂಟಿನ ಗೋಡೆಯ ಮನೆಯೆಂಬುದು ಸಣ್ಣ ವರವಲ್ಲ. ಆದರೂ ಹಲವು ನವಗ್ರಾಮಗಳು ಪೂರ್ತಿಯಾಗಿ ತುಂಬಲಿಲ್ಲ. ಕೆಲವರು ಹೋಗಲೇ ಇಲ್ಲ, ಕೆಲವರು ಹೋಗಿ ಹಿಂದಿರುಗಿದರು, ಕೆಲವರು ಮಕ್ಕಳನ್ನು ಅಲ್ಲಿರಿಸಿ ದನಕರುಗಳೊಡನೆ ಹಳೆಯ ಊರಿನಲ್ಲಿಯೇ ಉಳಿದರು. ಪರಿಣಾಮವಾಗಿ 2019ರ ಆಗಸ್ಟಿನಲ್ಲಿ ಸವದತ್ತಿಯ ಬಳಿಯ ನವಿಲುತೀರ್ಥ ಜಲಾಶಯದಿಂದ ಲಕ್ಷಕ್ಕೂ ಮಿಕ್ಕ ಕ್ಯೂಸೆಕ್ಸು ನೀರನ್ನು ಬಿಟ್ಟಾಗ, ನರಗುಂದ ತಾಲ್ಲೂಕಿನ ಕೊಣ್ಣೂರು, ವಾಸನ, ಲಖಮಾಪುರಗಳೊಂದಿಗೆ ರೋಣದ ತೀರದ ಊರುಗಳೂ ಮತ್ತೆ ಮುಳುಗಿದವು. ಕೊಣ್ಣೂರಿನ ಬಳಿ ಹೆದ್ದಾರಿಯೇ ಕಡಿದುಹೋಯಿತು. ಮನೆ ಕೊಟ್ಟರೂ ಹೋಗದವರ ಹಟಮಾರಿತನವೆಂದು ಪಟ್ಟಣದಲ್ಲಿ ಕುಳಿತವರು ಆಗ ಮೂದಲಿಸಿದ್ದುಂಟು.

ಈ ಮೂದಲಿಕೆ ಅನ್ಯಾಯದ್ದು. ಒಕ್ಕಲುತನದ ಮನೆಯನ್ನು ಒಳಗಿನಿಂದ ಅರಿತವನು ಹೀಗೆ ಆಡಲಾರ. ಪಡಸಾಲೆಯ ಅರ್ಧಭಾಗ ಎತ್ತು ಎಮ್ಮೆಗಳದು. ಹಿತ್ತಲಿನಲ್ಲಿ ತಿಪ್ಪೆ, ಬಣವೆ, ಕುಳ್ಳಿನ ರಾಶಿ. ಮಾಳಿಗೆಯ ಮೇಲೆ ಒಣಗುವ ಕಾಳು. ಮೂಲೆಯಲ್ಲಿ ಕೂರಿಗೆ ಕುಂಟೆಗಳು. ಅಣ್ಣತಮ್ಮಂದಿರ ನಾಲ್ಕು ಸಂಸಾರಗಳು ಒಂದೇ ತಲೆಬಾಗಿಲಿನೊಳಗೆ ಇರುವ ಈ ಸಂಸ್ಥೆಗೆ ಬದಲಾಗಿ, ಒಂದೇ ಅಳತೆಯ ಎರಡು ಕೋಣೆಗಳನ್ನು, ಅದೂ ಹೊಲದಿಂದ ದೂರದಲ್ಲಿ ಕೊಟ್ಟಾಗ, ಕೊಟ್ಟವನ ದೃಷ್ಟಿಯಲ್ಲಿ ಮನೆಗೆ ಮನೆ ಸರಿಹೋಯಿತು. ಪಡೆದವನ ದೃಷ್ಟಿಯಲ್ಲಿ ದನ ಕಟ್ಟುವ ಜಾಗ, ಗೊಬ್ಬರ ಕೂಡಿಹಾಕುವ ಜಾಗ, ನಸುಕಿನಲ್ಲೆದ್ದು ಹೊಲ ಮುಟ್ಟುವ ದಾರಿ, ಇವೆಲ್ಲ ಹೋದವು. ಗೊಬ್ಬರವಿಲ್ಲದೆ ಮಣ್ಣಿಲ್ಲ, ದನವಿಲ್ಲದೆ ಗೊಬ್ಬರವಿಲ್ಲ, ಹಿತ್ತಲಿಲ್ಲದೆ ದನವಿಲ್ಲ. ಹಳೆಯ ಊರಿಗೆ ಹಿಂದಿರುಗಿದವರು ನೆರೆಯನ್ನು ಮರೆತವರಲ್ಲ, ನೆಲವನ್ನು ಮರೆಯಲಾರದವರು.

ಈಗ ಪರಿಹಾರದ ಮಾರ್ಗಸೂಚಿಯನ್ನು ತೆರೆದು ನೋಡಬೇಕು. ನೆರೆ ಇಳಿದ ಮೇಲೆ ಗ್ರಾಮ ಆಡಳಿತಾಧಿಕಾರಿಯೂ ಕೃಷಿ ಸಹಾಯಕನೂ ಸರ್ವೆಗೆ ಬರುವಾಗ ಅವರ ಕೈಯಲ್ಲಿರುವುದು ಇದೇ. ಮನೆ ಬಿದ್ದರೆ ಅದಕ್ಕೆ ಎ, ಬಿ, ಸಿ ಎಂದು ವರ್ಗಗಳುಂಟು. 2019ರಲ್ಲಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿಯನ್ನು ರಾಜ್ಯ ಸರಕಾರ ಘೋಷಿಸಿತು, ನೀರು ನುಗ್ಗಿದ ಮನೆಗಳಿಗೆ ತಕ್ಷಣದ ನೆರವಾಗಿ 10,000 ರೂಪಾಯಿ. ಬೆಳೆ ಶೇಕಡಾ 33ಕ್ಕಿಂತ ಕಡಿಮೆಯಿಲ್ಲದಷ್ಟು ಹಾನಿಯಾಗಿದ್ದರೆ 2 ಹೆಕ್ಟೇರಿನ ಮಿತಿಯೊಳಗೆ ಸಹಾಯಧನ. ಹೊಲದಲ್ಲಿ 3 ಅಂಗುಲಕ್ಕಿಂತ ದಪ್ಪವಾಗಿ ಹೂಳು ಅಥವಾ ಉಸುಕು ಬಂದು ಕೂತಿದ್ದರೆ ಅದನ್ನು ತೆಗೆಸುವುದಕ್ಕೆ ಸಣ್ಣ ಹಾಗೂ ಅತಿಸಣ್ಣ ಹಿಡುವಳಿದಾರರಿಗೆ ಹಣವುಂಟು. ನೆಲವೇ ನಷ್ಟವಾದರೆ? ಅದಕ್ಕೂ ಒಂದು ಬಾಬತ್ತಿದೆ. ಆದರೆ ಭೂಕುಸಿತದಿಂದ, ಹಿಮಕುಸಿತದಿಂದ, ಅಥವಾ ನದಿಯು ಪಾತ್ರ ಬದಲಿಸಿದ್ದರಿಂದ ಜಮೀನಿನ ದೊಡ್ಡ ಭಾಗ ಹೋಗಿದ್ದರೆ ಮಾತ್ರ. ಅಂದರೆ ಮೆಣಸಗಿಯ ಹೊಲಕ್ಕೆ ಬಂದ ಮಣ್ಣಿಗೆ ಲೆಕ್ಕವುಂಟು, ಆ ಮಣ್ಣು ಯಾವ ಹೊಲದಿಂದ ಹೊರಟಿತೋ ಅಲ್ಲಿ ಆದ ನಷ್ಟಕ್ಕೆ ಲೆಕ್ಕವಿಲ್ಲ. ಗುಡ್ಡವೂ ಹಿಮವೂ ನದಿಯೂ ಇಲ್ಲದ ಅಡರಕಟ್ಟಿಯ ಸೀಮೆಯಲ್ಲಿ ಅಂಗುಲ ಅಂಗುಲವಾಗಿ ಕರಗಿಹೋಗುವ ನೆಲ ಯಾವ ಪಂಚನಾಮೆಯಲ್ಲೂ ಬರುವುದಿಲ್ಲ. ಹಾನಿಯನ್ನು ಬರೆದುಕೊಳ್ಳುವ ಅಧಿಕಾರಿಯ ಮೇಲೆ ತಪ್ಪು ಹೊರಿಸುವುದು ನನ್ನ ಉದ್ದೇಶವಲ್ಲ. ಅವನ ನಮೂನೆಯಲ್ಲಿ ಅದಕ್ಕೆ ಅಂಕಣವೇ ಇಲ್ಲ.

ಹಿಂದೊಮ್ಮೆ ಈ ನಾಡಿನ ಆಡಳಿತಕ್ಕೆ ಮಣ್ಣಿನ ಅರಿವು ಇದ್ದಿತೆಂಬುದನ್ನು ಇಲ್ಲಿ ಸ್ಮರಿಸುವುದು ಯುಕ್ತ. ಧಾರವಾಡ ವಿಜಾಪುರಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, 1942ರಲ್ಲಿ, ಭೂಸುಧಾರಣಾ ಯೋಜನೆಗಳ ಕಾಯಿದೆಯೊಂದು ಜಾರಿಗೆ ಬಂದಿತು. ಒಬ್ಬೊಬ್ಬನ ಹೊಲವನ್ನು ಬಿಡಿಬಿಡಿಯಾಗಿ ನೋಡದೆ, ನೀರು ಹರಿಯುವ ಇಡೀ ಇಳುಕಲನ್ನು ಒಂದು ಘಟಕವೆಂದು ಭಾವಿಸಿ ಒಡ್ಡು ಹಾಕಿಸುವ ಪದ್ಧತಿ ಬೆಳೆಯಿತು. ಸ್ವಾತಂತ್ರ್ಯದ ಅನಂತರ 1954ರಲ್ಲಿ ಬಳ್ಳಾರಿಯಲ್ಲಿ ಮಣ್ಣುಸಂರಕ್ಷಣೆಯ ಕೇಂದ್ರೀಯ ಸಂಶೋಧನಾ ಕೇಂದ್ರವು ಎರೆಭೂಮಿಗಾಗಿಯೇ ಸ್ಥಾಪಿತವಾಯಿತು. ಅನುಭವವು ಕಲಿಸಿದ ಪಾಠವೂ ಒಂದಿತ್ತು: ಕೆಂಪು ಮಸಾರಿಯಲ್ಲಿ ನಿಲ್ಲುವ ಸಮಪಾತಳಿಯ ಒಡ್ಡು ಆಳವಾದ ಎರೆಯಲ್ಲಿ ನಿಲ್ಲದು. ನೀರು ಇಂಗದೆ ಒಡ್ಡಿನ ಹಿಂದೆ ಜವಳಾಗಿ ನಿಂತು, ಒಣಗುವಾಗ ಒಡ್ಡೇ ಬಿರುಕುಬಿಟ್ಟು, ಮುಂದಿನ ಜಡಿಗೆ ಒಡೆಯುತ್ತದೆ. ಆದಕಾರಣ ಎರೆಯಲ್ಲಿ ಒಡ್ಡಿಗೆ ಲಘುವಾದ ಇಳಿಜಾರು ಕೊಟ್ಟು, ಹೆಚ್ಚಿನ ನೀರು ಮಣ್ಣನ್ನು ಕೊಚ್ಚದೆ ಹೊರಹೋಗುವಂತೆ ಕಲ್ಲಿನ ಕೋಡಿಯನ್ನೂ ಹುಲ್ಲು ಬೆಳೆದ ಕಾಲುವೆಯನ್ನೂ ಕಲ್ಪಿಸಬೇಕು. ಒಂದು ಕೋಡಿಯ ಕಲ್ಲು ಕಿತ್ತುಹೋದರೆ ಅದರ ಕೆಳಗಿನ ಹತ್ತು ಹೊಲಗಳ ಒಡ್ಡು ವ್ಯರ್ಥ. ಆದರೆ ಹೊಲಗಳು ಪಾಲಾಗುತ್ತ ಸಣ್ಣದಾಗುತ್ತ, ಟ್ರ್ಯಾಕ್ಟರು ತಿರುಗುವುದಕ್ಕೆ ಅಡ್ಡಿಯೆಂದು ಒಡ್ಡುಗಳು ಸವೆಯುತ್ತ, ಕೋಡಿಯ ಕಲ್ಲುಗಳು ಮನೆಯ ಬುನಾದಿಗೆ ಸಾಗುತ್ತ ಬಂದುದನ್ನು ನಾವು ಕಂಡಿದ್ದೇವೆ.

ಉದ್ಯೋಗಖಾತ್ರಿಯ ಹಣದಿಂದ ಬದು ಹಾಕಿಸುವ ಕೆಲಸ ಈಚೆಗೆ ನಮ್ಮ ಪಂಚಾಯಿತಿಗಳಲ್ಲಿ ಸಾಕಷ್ಟು ನಡೆದಿದೆ. ಅದು ಸ್ವಾಗತಾರ್ಹವೇ. ಆದರೆ ಅರ್ಜಿ ಕೊಟ್ಟವನ ಹೊಲದಲ್ಲಿ ಬದು ಬೀಳುತ್ತದೆ, ಮೇಲಿನವನು ಕೊಡದಿದ್ದರೆ ಅವನ ಹೊಲದ ನೀರು ಬಂದು ಅದನ್ನು ಒಡೆಯುತ್ತದೆ. ಇಳುಕಲನ್ನು ಒಂದಾಗಿ ನೋಡುವ ದೃಷ್ಟಿ ಮಾಯವಾಗಿದೆ. ಕಾಲದ ತೊಡಕು ಇನ್ನೂ ದೊಡ್ಡದು. ಒಡ್ಡು ಒಡೆಯುವುದು ಹಸ್ತ ಚಿತ್ತಿಗಳಲ್ಲಿ. ಆ ಕ್ಷಣದಲ್ಲಿ ರೈತನಿಗೆ ಅದನ್ನು ದುರಸ್ತಿ ಮಾಡುವ ಬಿಡುವು ಎಲ್ಲಿದೆ? ಮಳೆ ಬಿಟ್ಟು ನೆಲ ಹದಕ್ಕೆ ಬಂದೊಡನೆ ಬಿಳಿಜೋಳ, ಕಡಲೆ, ಕುಸುಬಿಗಳನ್ನು ಬಿತ್ತಲೇಬೇಕು. ಹದ ತಪ್ಪಿದರೆ ಮುಂಗಾರಿಯ ಜೊತೆಗೆ ಹಿಂಗಾರಿಯೂ ಹೋಯಿತು. ಬಿತ್ತಿದ ಮೇಲೆ ಬೆಳೆ ತುಳಿದು ಒಡ್ಡಿಗೆ ಮಣ್ಣು ಹಾಕುವಂತಿಲ್ಲ. ಸುಗ್ಗಿ ಮುಗಿದು ಹೊಲ ತೆರವಾಗುವುದು ಫಾಲ್ಗುಣಕ್ಕೆ. ಅಷ್ಟುಹೊತ್ತಿಗೆ ನೆರೆಯ ಸರ್ವೆ ಮುಗಿದು, ಪರಿಹಾರದ ಪಟ್ಟಿಗಳು ಮುಚ್ಚಿ, ಕಚೇರಿಗಳ ಗಮನ ಕುಡಿಯುವ ನೀರಿನ ಕಡೆಗೂ ಮೇವಿನ ಕಡೆಗೂ ಹೊರಳಿರುತ್ತದೆ.

ಆದುದರಿಂದ ನಾನು ಬೇಡುವುದು ಇಷ್ಟು. ಅಕ್ಟೋಬರಿನ ಸರ್ವೆಯ ನಮೂನೆಯಲ್ಲಿ ಒಡೆದ ಒಡ್ಡಿಗೂ ಕಿತ್ತುಹೋದ ಕೋಡಿಗೂ ಹೊಸದಾಗಿ ಬಿದ್ದ ಕೊರಕಲಿಗೂ ಒಂದೊಂದು ಅಂಕಣವಿರಲಿ. ಸರ್ವೆ ನಂಬರಿನ ಗಡಿಯನ್ನು ಬಿಟ್ಟು ಹಳ್ಳದ ತಲೆಯಿಂದ ಬುಡದವರೆಗೆ ಆ ಪಟ್ಟಿಯನ್ನು ಬರೆದುಕೊಳ್ಳಲಿ. ಪರಿಹಾರದ ಹಣದ ಒಂದು ಭಾಗವನ್ನು ಆ ಪಟ್ಟಿಯ ಹೆಸರಿನಲ್ಲಿಯೇ ಯುಗಾದಿಯವರೆಗೆ ತೆಗೆದಿರಿಸಲಿ. ಸುಗ್ಗಿಯಾದ ಮೇಲೆ, ಮೊದಲ ಅಡ್ಡಮಳೆ ಬೀಳುವುದರೊಳಗೆ, ಕೂಲಿಗೆ ಕೈಗಳೂ ಬಿಡುವೂ ಇರುವ ಎರಡು ತಿಂಗಳುಗಳಲ್ಲಿ, ಇಳುಕಲಿನ ಮೇಲಿನ ಹೊಲದಿಂದ ಕೆಲಸ ಪ್ರಾರಂಭಿಸಿ ಕೆಳಕ್ಕೆ ಬಂದರೆ, ಆ ವರ್ಷದ ಹಸ್ತದೊಳಗೆ ಒಂದು ಊರಿನ ಒಂದು ಹಳ್ಳದ ದಂಡೆಯನ್ನಾದರೂ ಪೂರ್ತಿ ಮುಗಿಸಬಹುದು.